ಕೆಂಪು ಟ್ರೇ

ಪೀಣ್ಯ ಎರಡನೇ ಹಂತ. ಕಾದ ಶೀಟಿನ ಕೆಳಗೆ
ಎಂಟು ಗಂಟೆ ನಾನು ಹನಿ ಅಳೆಯುತ್ತೇನೆ.
ಹುಣಸೆಬೀಜದಷ್ಟು ಕರಿ ಡ್ರಿಪ್ಪರು,
ಕೆಳಗೊಂದು ಗಾಜಿನ ಕೊಳವೆ, ಒಂದು ನಿಮಿಷ.
ಮೂವತ್ತಮೂರು ಎಂ.ಎಲ್. ಇಳಿದರೆ ಪಾಸು.
ಇಪ್ಪತ್ತೇಳು ಇಳಿದರೆ, ನಲವತ್ತೆಂಟು ಇಳಿದರೆ
ಕೆಂಪು ಟ್ರೇ.

ಟ್ರೇ ತುಂಬಿದರೆ ಅರೆಯುವ ಯಂತ್ರ.
"ಅರೆಯೋ ಬದಲು ನನಗೇ ಕೊಡಿ" ಅಂದೆ.
ದೇವನಾಥ ಸಾರ್ ನಗಲಿಲ್ಲ, ತಕ್ಕಡಿಗೆ ಹಾಕಿದರು.
ಕೇಜಿಗೆ ನಲವತ್ತು. ರಸೀದಿ ಸಮೇತ.

ಭಾನುವಾರ ಹೆಸರಘಟ್ಟದ ಬಸ್ಸು.
ಪೈಪಿನ ಸುರುಳಿ ತೊಡೆಯ ಮೇಲೆ.
ನನಗೆ ಉಚಿತ, ಪೈಪಿಗೆ ಲಗೇಜು ಟಿಕೆಟ್ಟು.

ಪಿಳ್ಳಮ್ಮತ್ತೆಯದು ಎಂಟು ಗುಂಟೆ, ಗುತ್ತಿಗೆ.
ನೀರು ಸೀಬಯ್ಯನ ಬೋರಿಂದು:
ಮೂರು ದಿನಕ್ಕೊಂದು ಗಂಟೆ ಪಾಳಿ, ಅದೂ ಕರೆಂಟಿದ್ದರೆ.
ಸನಿಕೆ ಹಿಡಿದು ಓಡಬೇಕು,
ಈ ಮಡಿ ಮುಚ್ಚು, ಆ ಮಡಿ ತೆರೆ.
ನೀರು ಕಟ್ಟುವುದು ಅನ್ನುತ್ತೇವೆ ಇದಕ್ಕೆ,
ಕಟ್ಟಿಗೆ ನಿಂತದ್ದನ್ನು ನಾನಂತೂ ಕಂಡಿಲ್ಲ.
ಅತ್ತೆಯ ಮೊಣಕಾಲಿನವರೆಗೆ ಕೆಸರು,
ಕೊನೆಯ ಮಡಿಗೆ ಬರೀ ಅದರ ಸದ್ದು.

"ಕೊತ್ತಂಬರೀಗೆ ಎಲ್ಲಿ ಇಡ್ತೀಯೇ ಈ ತೂತ?
ಚೆಲ್ಲಿದ ಬೀಜ ಅದು. ಹೆಜ್ಜೆಗೆ ನೂರು ಬಾಯಿ."
ನನ್ನ ಹತ್ತಿರ ಉತ್ತರವಿರಲಿಲ್ಲ.
ಮುದ್ದೆ ಉಂಡು ಕೈ ತೊಳೆಯುವಾಗ ಅವಳೇ ಅಂದಳು:
"ಎರಡು ಗುಂಟೆ ಹುರುಳಿಕಾಯಿ ಹಾಕ್ತೀನಿ, ಸಾಲು ಹಿಡಿದು.
ಸೊಪ್ಪಿನ ತಂಟೆಗೆ ಬರಬೇಡ."

ಎರಡೆಲೆ ಒಡೆದ ಮೇಲೆ ಮತ್ತೆ ಹೋದೆ.
ಸೈಜುಗಲ್ಲಿನ ಮೇಲೆ ನೀಲಿ ಡ್ರಮ್ಮು,
ಬಾಯಿಗೆ ಮಾವನ ಹಳೆ ಪಂಚೆ, ಸೋಸಲು.
ಇನ್ನೂರು ಬುಡಕ್ಕೆ ಇನ್ನೂರು ಡ್ರಿಪ್ಪರು.
ಕೆಮ್ಮಿನ ಸಿರಪ್ಪಿನ ಮುಚ್ಚಳ ಹಿಡಿದು,
ಮೊಬೈಲಿನ ಗಡಿಯಾರ ನೋಡುತ್ತ ಕುಕ್ಕರಗಾಲಲ್ಲಿ ಕೂತೆ.
ಮೊದಲ ಗಿಡಕ್ಕೆ ಹನ್ನೊಂದು.
ನಡುವಿಗೆ ಒಂಬತ್ತು.
ಕೊನೆಯ ಗಿಡಕ್ಕೆ ಆರೂ ಮುಟ್ಟಲಿಲ್ಲ.

ನನಗಿದು ಹೊಸತಲ್ಲ.
ದಾಸರಹಳ್ಳಿಯಲ್ಲಿ ನನ್ನದು ಬೀದಿಯ ಕೊನೆಯ ಮನೆ;
ಕಾವೇರಿ ಬಿಡುವ ದಿನ
ಮೊದಲ ಮನೆಯವರು ಕಾರು ತೊಳೆದಾದ ಮೇಲೆ
ನಮ್ಮ ನಲ್ಲಿ ಬುಸ್ಸೆಂದು ಗಾಳಿ ಬಿಡಲು ಶುರು ಮಾಡುತ್ತದೆ.

"ಜಾಸ್ತಿ ಸುರಿಯೋವನ್ನ ಕೊನೇಗೆ ಹಾಕಕ್ಕಾಗಲ್ವ?"
ಅತ್ತೆ ಕೇಳಿದ್ದು ಅಷ್ಟೇ, ಎಲೆಗೆ ಸುಣ್ಣ ಸವರುತ್ತ.
ಹನ್ನೊಂದು ವರ್ಷದಿಂದ ಅಳೆಯುತ್ತಿರುವ ನನಗೆ
ಹೊಳೆದಿರಲಿಲ್ಲ.

ಕಿತ್ತೆ. ಮತ್ತೆ ಚುಚ್ಚಿದೆ. ಹೆಬ್ಬೆರಳು ಬೊಬ್ಬೆ ಎದ್ದಿತು.
ಪೈಪಿನ ತಲೆಗೆ ಜಿಪುಣರು,
ಬಾಲಕ್ಕೆ ದುಂದುಗಾರರು.
ಮೊದಲಿಗೆ ಒಂಬತ್ತು. ಕೊನೆಗೆ
ಒಂಬತ್ತಕ್ಕೆ ಒಂದೆರಡು ಹನಿ ಕಮ್ಮಿ.
ಡ್ರಮ್ಮು ಬರಿದಾಗಲು ಒಂದೂಮುಕ್ಕಾಲು ಗಂಟೆ ಹಿಡಿಯಿತು.
ಅಷ್ಟು ಹೊತ್ತೂ ಅತ್ತೆ ಸನಿಕೆ ಹಿಡಿದೇ ನಿಂತಿದ್ದಳು,
ಯಾವ ಮಡಿಯೂ ಅವಳನ್ನು ಕರೆಯಲಿಲ್ಲ.

ಅಳಿಲು ಒಂದು ಕಡೆ ಕಚ್ಚಿತು, ಸೈಕಲ್ ಟ್ಯೂಬು ಸುತ್ತಿದೆವು.
ಮೊದಲ ಕೊಯ್ಲು ದಾಸನಪುರದ ಮಾರುಕಟ್ಟೆಗೆ ಹೋಯಿತು.
ಬೆಲೆ ಆ ದಿನ ಬಿದ್ದಿತ್ತು.
ಅದಕ್ಕೆ ನನ್ನ ಹತ್ತಿರ ಡ್ರಿಪ್ಪರಿಲ್ಲ.

ಈಗ ಸೀಬಯ್ಯನೇ ಕೇಳುತ್ತಿದ್ದಾನಂತೆ, ಬೋರಿನ ಒಡೆಯ.
ಅವನದೂ ಹೋದ ತಿಂಗಳಿಂದ ಗಾಳಿ ಕಕ್ಕುತ್ತಿದೆ.
"ಬಾಲದ್ದು ಒಂದು ಕೇಜಿ ತಾರೇ," ಅತ್ತೆಯ ಫೋನು,
"ಅವನಿಗೆ ಐವತ್ತು ಹೇಳಿದೀನಿ."

ಸೋಮವಾರ ಕಾರ್ಖಾನೆಗೆ ಹೊಸ ಅಚ್ಚು ಬಂತು.
ಬುಧವಾರವಿಡೀ ಮೂವತ್ತಮೂರು,
ಮೂವತ್ತಮೂರು, ಮೂವತ್ತಮೂರು.
ಕೆಂಪು ಟ್ರೇಯ ತಳ ಕಾಣುತ್ತಿದೆ. ಸಾರ್ ಪೇಡ ಹಂಚಿದರು.

ಪೇಡ ಬಾಯಲ್ಲಿಟ್ಟುಕೊಂಡೇ ಯೋಚಿಸಿದೆ:
ಸೆರಗಿನ ಪಿನ್ನು ಕಾಯಿಸಿ ಚುಚ್ಚಿದರೆ
ತೂತು ಎಷ್ಟು ಹಿಗ್ಗೀತು?
ಮನೆಗೆ ಹೋಗಿ ಅಳೆಯಬೇಕು,
ಇವತ್ತು ಕಾವೇರಿ ಬಿಡುವ ದಿನವಾಗಿದ್ದರೆ.